ಏಳುಕಟ್ಟೆಯ ಕೊನೆಯ ದೊರೆ

ಏಳುಕಟ್ಟೆ, ಕೃಷ್ಣೆಯ ದಂಡೆ
ಕ್ರಿಸ್ತಶಕ ೨೩೪೭, ಹದಿಮೂರನೆಯ ತಿಂಗಳ ಒಂಬತ್ತನೆಯ ದಿನ

ನಮಗಿಂತ ಮುಂಚೆ ಬಾಳಿದ ಹಿರಿಯರಿಗೆ ಚಂದಮ್ಮನ ಶರಣು.

ತಾರೀಖು ನೋಡಿ ಹುಬ್ಬೇರಿಸಬೇಡಿ. ತಿಂಗಳಿಗೆ ಇಪ್ಪತ್ತೆಂಟೇ ದಿನವೆಂದು ನಮ್ಮವರು ಗೊತ್ತುಮಾಡಿದ ಮೇಲೆ ವರ್ಷಕ್ಕೆ ಹದಿಮೂರು ತಿಂಗಳಾಗಿವೆ. ನನ್ನ ಕೆಲವು ಮಾತು ನಿಮಗೆ ಒರಟಾಗಿ ಕೇಳಬಹುದು. ಮುನ್ನೂರು ವರ್ಷ ಬಳಸಿದ ಭಾಷೆ ಅಲ್ಲಲ್ಲಿ ಸವೆದಿರುತ್ತದೆ, ಮನ್ನಿಸಿ. ಇಂಥ ಕಾಗದವನ್ನು ನಾವು ಹಿಂದೋಲೆ ಎನ್ನುತ್ತೇವೆ. ಅರವತ್ತು ತುಂಬಿದವರೆಲ್ಲ ಹಿಂದಿನವರಿಗೆ ಒಂದು ಹಿಂದೋಲೆ ಬರೆಯುವುದು ಇಲ್ಲಿನ ರೂಢಿ. ಅದು ತಲುಪುತ್ತದೆಯೋ ಇಲ್ಲವೋ ಯಾರಿಗೂ ಗೊತ್ತಿಲ್ಲ. ಹೆಚ್ಚಿನವರು ಅಡುಗೆ, ಕಾಯಿಲೆ, ಮೊಮ್ಮಕ್ಕಳ ತುಂಟತನ ಬರೆಯುತ್ತಾರೆ. ನಾನು ನನ್ನ ಅಜ್ಜಿ ಬಸಲಿಂಗಮ್ಮನ ಕಥೆ ಬರೆಯುತ್ತೇನೆ. ಅವಳು ಅರಸರ ಕ್ರೌರ್ಯದ ಕಥೆ ಓದಿದ್ದಕ್ಕೇ ಸಾವಿನ ಬಾಗಿಲಿನವರೆಗೆ ಹೋಗಿ ಬಂದವಳು.

ಮೊದಲು ನಮ್ಮ ಊರು ತಿಳಿಯಬೇಕು. ಸಮುದ್ರ ಮೇಲೇರಿ ಕರಾವಳಿಯ ಜನ ಒಳನಾಡಿಗೆ ಬಂದ ಕಾಲದಲ್ಲಿ ಕಟ್ಟಿದ ಊರಿದು. ಕೃಷ್ಣೆ ವರ್ಷಕ್ಕೆರಡು ಸಲ ಉಕ್ಕುತ್ತಾಳೆ; ಅವಳನ್ನು ತಡೆಯಲು ಊರಿನ ಸುತ್ತ ಒಂದರ ಹಿಂದೊಂದು ಏಳು ಮಣ್ಣಿನ ಕಟ್ಟೆಗಳಿವೆ. ದೊಡ್ಡವರೆಲ್ಲ ಒಂಬತ್ತು ದಿನಕ್ಕೊಮ್ಮೆ ಕಟ್ಟೆಪಾಳಿಗೆ ಹೋಗುತ್ತೇವೆ. ಅಂದರೆ ಬರಿಗಾಲಲ್ಲಿ ಕಟ್ಟೆಯ ಮೇಲೆ ನಡೆದು, ಎಲ್ಲಿ ಮಣ್ಣು ಮೆತ್ತಗಾಗಿದೆ ಎಂದು ಅಂಗಾಲಿನಿಂದ ಹುಡುಕುವುದು. ಮಾಳಿಗೆಯ ಮೇಲೆ ಬಿಸಿಲುಬಟ್ಟೆ ಹಾಸಿರುತ್ತೇವೆ. ಅದು ಹಗಲೆಲ್ಲ ಬಿಸಿಲು ಕುಡಿದು ಒಲೆಗೆ ಕಾವು ಕೊಡುತ್ತದೆ. ಬೆಳಿಗ್ಗೆ ಪಾಚಿಹಿಟ್ಟಿನ ರೊಟ್ಟಿ, ಶೇಂಗಾ ಹಿಂಡಿ. ಮಕ್ಕಳು ಅಕ್ಷರಕ್ಕಿಂತ ಮೊದಲು ಈಜು ಕಲಿಯುತ್ತಾರೆ.

ಈ ಊರನ್ನು ಒಬ್ಬ ದೊರೆ ಆಳುತ್ತಿದ್ದ. ಹೆಸರು ಸಿದ್ಲಿಂಗ, ನೀರೆತ್ತುವ ಪಂಪು ರಿಪೇರಿ ಮಾಡುವವನು. ಮಹಾಪೂರ ಬಂದಾಗ ನಾಲ್ಕು ದಿನ ಕಣ್ಣು ಮುಚ್ಚದೆ ನಿಂತು ಕಟ್ಟೆ ಉಳಿಸಿದ. ಜನ ಅವನನ್ನು ಹೆಗಲ ಮೇಲೆ ಹೊತ್ತು, ನೀರು ಇಳಿಯುವವರೆಗೆ ನೀನು ಹೇಳಿದಂತೆ ಕೇಳುತ್ತೇವೆ ಎಂದರು. ನೀರು ಇಳಿಯಿತು, ಅವನು ಇಳಿಯಲಿಲ್ಲ. ಧರಣಿರಾಯ ಎಂದು ಹೆಸರಿಟ್ಟುಕೊಂಡ. ಆರನೆಯ ವರ್ಷಕ್ಕೆ ಹೊರದಂಡೆ ಎಂಬ ಶಿಕ್ಷೆ ತಂದ. ಎದುರು ಮಾತಾಡಿದವರನ್ನು ನದಿ ಉಕ್ಕಿದ ದಿನ ಏಳನೆಯ ಕಟ್ಟೆಯಾಚೆ ನಿಲ್ಲಿಸಿ ಬಾಗಿಲು ಹಾಕಿಸುವುದು. ಹನ್ನೊಂದು ಜನ ಹಾಗೆ ಹೋದರು.

ಅಜ್ಜಿ ಶಾಲೆಯಲ್ಲಿ ಇತಿಹಾಸ ಕಲಿಸುತ್ತಿದ್ದಳು. ನಿಮ್ಮ ಕಾಲದ ಪುಸ್ತಕಗಳು ಅವಳ ಬಳಿ ಮಾತ್ರ ಇದ್ದವು. ದೊರೆ ಅವಳನ್ನು ಕರೆಸಿ, ಲೋಕದ ಅತಿ ಕ್ರೂರ ಅರಸರ ಕಥೆಗಳನ್ನು ದಿನವೂ ಮಧ್ಯಾಹ್ನ ತನಗೆ ಓದಿ ಹೇಳಬೇಕೆಂದ. ಅವುಗಳನ್ನು ಅರಮನೆಯ ಗೋಡೆಗೆ ಕೆತ್ತಿಸುವುದು ಅವನ ಯೋಚನೆ. ಓದಿದವರು ತನ್ನನ್ನು ದಯಾಳು ಎಂದುಕೊಳ್ಳಲಿ ಎಂದು. ಸಿಟ್ಟಿನಲ್ಲಿ ಹೆತ್ತ ಮಗನನ್ನೇ ಹೊಡೆದು ಕೊಂದ ರಷ್ಯಾದ ಇವಾನನ ಕಥೆ ಕೇಳಿ ಅವನು ತೊಡೆ ತಟ್ಟಿದನಂತೆ.

"ನೋಡ್ರಿ ಅಕ್ಕೋರ, ಇವರ ಮುಂದ ನಾನು ದೇವರಂಥಾ ಮನಷ್ಯಾ!"

ಅಜ್ಜಿ ಹಾಳೆ ತಿರುವಿದಳು. ಮನೆಯಲ್ಲಿ ಮೂವರು ಮಕ್ಕಳಿದ್ದರು. ನನ್ನ ಅವ್ವ ಆಗ ಹನ್ನೆರಡು ವರ್ಷದವಳು.

ಒಂದು ದಿನ ಕಾಂಗೋ ನಾಡಿನ ಕಥೆ ಬಂತು. ಬೆಲ್ಜಿಯಂನ ದೊರೆ ಲಿಯೋಪೋಲ್ಡ್ ಆ ನಾಡನ್ನು ತನ್ನ ಸ್ವಂತ ಆಸ್ತಿ ಮಾಡಿಕೊಂಡಿದ್ದ. ರಬ್ಬರಿಗಾಗಿ ಜನರನ್ನು ಹಿಂಡುತ್ತಿದ್ದ ಅವನ ಆಳ್ವಿಕೆಯಲ್ಲಿ ಎಷ್ಟೋ ಜನರ ಕೈ ಕಡಿದರು. ಆದರೆ ಅವನು ಒಂದು ದಿನವೂ ಕಾಂಗೋ ನೆಲದ ಮೇಲೆ ಕಾಲಿಡಲಿಲ್ಲ. ಅಷ್ಟು ಓದಿದಾಗ, ಬಾಗಿಲಲ್ಲಿ ನಿಂತಿದ್ದ ಕಾವಲಿನ ದಸ್ತಗೀರ ಬಾಯಿ ತೆರೆದ. ಹೊರದಂಡೆಯ ಬಾಗಿಲು ಅವನ ಸುಪರ್ದಿಯಲ್ಲಿತ್ತು. ಆ ಕಾವಲಿಗೆ ನಿಂತ ಆರು ವರ್ಷದಲ್ಲಿ ಅವನು ದೊರೆಯ ಮುಂದೆ ಆಡಿದ ಮೊದಲ ಮಾತು ಅದು.

"ಅಕ್ಕೋರ, ಆ ದೊರಿ ಅಲ್ಲಿಗೆ ಹೋಗೇ ಇಲ್ಲಂದ್ರ ಕೈ ಕಡದವ್ರು ಯಾರ್ರೀ?"

ಅಜ್ಜಿ ದೊರೆಯ ಕಡೆ ನೋಡಿದಳು, ಆಮೇಲೆ ದಸ್ತಗೀರನ ಕಡೆ. "ಪಗಾರಕ್ಕ ನಿಂತ ಸಿಪಾಯಿಗಳಪಾ. ನಿನ್ನಂಥವ್ರು."

"ಓದಿದ್ದು ಸಾಕು," ಅಂದ ಧರಣಿರಾಯ. ಅಜ್ಜಿಗೆ ಹೊರದಂಡೆಯಾಯಿತು.

ಮರುದಿನ ಬೆಳಿಗ್ಗೆ ನದಿ ಕೆಂಪಾಗಿ ಉಕ್ಕಿತ್ತು. ಊರೆಲ್ಲ ಕಟ್ಟೆಯ ಮೇಲೆ ಸೇರಿತ್ತು. ಧೈರ್ಯವಾಗಿ ನಡೆದೆ ಎಂದು ಅಜ್ಜಿ ಎಂದೂ ಹೇಳಿಕೊಳ್ಳಲಿಲ್ಲ. ಹೆದರಿಕೆಗೆ ಸೀರೆ ಒದ್ದೆಯಾಗಿತ್ತು ಎಂದೇ ನಮಗೆ ಹೇಳುತ್ತಿದ್ದಳು. ಹೊರದಂಡೆಯ ಆ ಕಬ್ಬಿಣದ ಬಾಗಿಲು ಮೇಲೇಳಬೇಕಾದರೆ ನಾಲ್ಕು ಜನ ಸೇರಿ ಗಾಲಿ ತಿರುಗಿಸಬೇಕು. ದಸ್ತಗೀರ ಗಾಲಿಯ ತನಕ ಹೋದ. ಅದರ ಮೇಲೆ ಕೈ ಇಟ್ಟ. ಮತ್ತೆ ಕೈ ತೆಗೆದು, ಪಕ್ಕದ ಮೆಟ್ಟಿಲ ಮೇಲೆ ಕೂತುಬಿಟ್ಟ.

"ಏಳೋ!" ಎಂದು ದೊರೆ ಮೇಲಿನಿಂದ ಕೂಗಿದ.

"ನನ್ನ ಕೈ ಏಳವಲ್ದ್ರಿ, ದೊರಿ. ಬೇಕಾದ್ರ ನೀವ ಬಂದು ತಿರುವ್ರಿ."

ಉಳಿದ ಮೂವರು ಒಬ್ಬರ ಮುಖ ಒಬ್ಬರು ನೋಡಿಕೊಂಡು ಗಾಲಿಯಿಂದ ದೂರ ಸರಿದರು. ದೊರೆ ಜನರ ಕಡೆ ಬೆರಳು ತೋರಿಸಿ ನೀನು ಬಾ, ನೀನು ಬಾ ಎಂದ. ಯಾರೂ ಬರಲಿಲ್ಲ. ಕೊನೆಗೆ ತಾನೇ ಇಳಿದು ಬಂದು ಗಾಲಿಗೆ ಹೆಗಲು ಕೊಟ್ಟ. ಅದು ಕೂದಲೆಳೆಯಷ್ಟೂ ಕದಲಲಿಲ್ಲ. ಬೆವರಿ, ಏದುಸಿರು ಬಿಟ್ಟು, ಮತ್ತೆ ನೂಕಿದ. ಯಾರೂ ನಗಲಿಲ್ಲ. ತುಸು ಹೊತ್ತಿನ ಮೇಲೆ ಯಾರೋ ಅವನಿಗೊಂದು ತಂಬಿಗೆ ನೀರು ತಂದುಕೊಟ್ಟರು. ಅವನು ಅದನ್ನು ಕುಡಿದು ನೆಲಕ್ಕೆ ಕುಸಿದು ಕೂತ. ನಮ್ಮ ರಾಜ್ಯ ಮುಗಿದದ್ದು ಹಾಗೆ.

ಹೊರದಂಡೆಗೆ ಮಕ್ಕಳನ್ನು ಕಳೆದುಕೊಂಡವರು ಅವನನ್ನೂ ಹೊರಗೆ ಹಾಕಬೇಕೆಂದು ಪಟ್ಟು ಹಿಡಿದರು. ಅವರ ಸಿಟ್ಟು ತಪ್ಪೆಂದು ನಾನು ಹೇಳಲಾರೆ. ಅಜ್ಜಿ ಅವರ ನಡುವೆ ನಿಂತು ಕೇಳಿದ್ದು ಒಂದೇ ಮಾತು: "ಗಾಲಿಗೆ ಮತ್ತ ಎಂಟು ಕೈ ಬೇಕಲ್ಲ. ಯಾರ್ ಯಾರು ಕೊಡ್ತೀರಿ?" ಗುಂಪು ನಿಧಾನವಾಗಿ ಕರಗಿತು. ಅವನು ಮತ್ತೆ ಸಿದ್ಲಿಂಗನಾಗಿ, ಎರಡನೆಯ ಕಟ್ಟೆಯ ಬಳಿ ಕಾವಲಿನಲ್ಲಿ ಪಂಪು ರಿಪೇರಿ ಮಾಡುತ್ತ ಹತ್ತೊಂಬತ್ತು ವರ್ಷ ಬದುಕಿದ. ನಾನು ಚಿಕ್ಕವಳಿದ್ದಾಗ ಅವನನ್ನು ಕಂಡಿದ್ದೇನೆ. ಸಾಧಾರಣ ಮುದುಕ, ಸ್ವಲ್ಪ ಕಿವುಡ. ದಸ್ತಗೀರ ಸತ್ತವರ ಹನ್ನೊಂದು ಮನೆಗೂ ಹೋಗಿ ತಪ್ಪೊಪ್ಪಿಕೊಂಡ. ಮೂರು ಮನೆಗಳು ಕದ ತೆರೆಯಲಿಲ್ಲ. ಅವನು ಸಾಯುವವರೆಗೂ ಆ ಮೂರು ಮನೆಯವರ ಕಟ್ಟೆಪಾಳಿ ತಾನೇ ನಡೆದ. ಇಂದು ನಮ್ಮಲ್ಲಿ ದೊರೆಯಿಲ್ಲ. ಊರಿನ ತೀರ್ಮಾನಗಳು ಜಗಳಾಡಿ, ಮುನಿಸಿಕೊಂಡು, ಮತ್ತೆ ಕೂಡಿ ಆಗುತ್ತವೆ. ತಡವಾಗುತ್ತದೆ, ಆದರೆ ಅರವತ್ತೆಂಟು ವರ್ಷಗಳಿಂದ ಯಾರನ್ನೂ ನದಿಗೆ ಕೊಟ್ಟಿಲ್ಲ.

ಹಿರಿಯರೇ, ನನ್ನದೊಂದು ಬೇಡಿಕೆ. ನಿಮ್ಮ ಪುಸ್ತಕಗಳಲ್ಲಿ ಕ್ರೂರ ಅರಸರ ಹೆಸರು, ಹುಟ್ಟಿದ ವರ್ಷ, ಕಿರೀಟದ ತೂಕ ಎಲ್ಲ ಇವೆ. ಅವರ ಮಾತು ಮೀರಿ ಕೈ ಕಟ್ಟಿ ಕೂತವರ ಹೆಸರು ಹುಡುಕಿದರೆ ಒಂದು ಹಾಳೆಯೂ ತುಂಬುವುದಿಲ್ಲ. ಅಂಥವರು ಅಷ್ಟೇ ಇದ್ದರೆಂದು ನಾನು ನಂಬಲಾರೆ. ನಿಮ್ಮ ಓಣಿಯಲ್ಲಿ, ಕಚೇರಿಯಲ್ಲಿ, ಠಾಣೆಯಲ್ಲಿ ಯಾರಾದರೂ ಒಮ್ಮೆ ಒಲ್ಲೆ ಎಂದಿದ್ದರೆ ಅವರ ಹೆಸರು ಬರೆದಿಡಿ. ಅಂದು ಏನುಟ್ಟಿದ್ದರು, ಎಷ್ಟು ಹೆದರಿದ್ದರು ಎಂಬುದನ್ನೂ ಬರೆಯಿರಿ. ಅಕ್ಷರ ಸೊಟ್ಟಗಿದ್ದರೂ ಚಿಂತೆಯಿಲ್ಲ. ಓದಲು ನಾವಿದ್ದೇವೆ.