ಕೆರೆದು ತೆಗೆದ ಎರಡು ಸೂರ್ಯ

ಸ್ಟುಡಿಯೋ ಮಹಡಿ,
ಫೆಬ್ರವರಿ ೯, ಭಾನುವಾರ ಮಧ್ಯಾಹ್ನ

ಪ್ರೀತಿಯ ತಮ್ಮಾ,

ಹೇಗಿದ್ದೀಯಾ? ಹಣೆಯ ಗಾಯದ ಜಾಗ ಚಳಿಗೆ ಈಗಲೂ ಸೆಳೆಯುತ್ತದೆಯೋ, ಬಿಟ್ಟಿದೆಯೋ? ಇಪ್ಪತ್ತೆರಡು ವರ್ಷದಲ್ಲಿ ನೀನು ಬರೆದದ್ದು ಮೂರೇ ಕಾಗದ, ಅದರಲ್ಲಿ ಎರಡು ವಿಳಾಸ ಬದಲಾಯಿತೆಂದು ತಿಳಿಸಲು. ನಿನ್ನ ಕುಶಲ ಕೇಳುವುದೆಂದರೆ ಕತ್ತಲಲ್ಲಿ ಬಾಣ ಬಿಟ್ಟಂತೆ. ನಾನು ಚೆನ್ನಾಗಿದ್ದೇನೆ. ಕಣ್ಣು ಮಾತ್ರ ಸೋತಿದೆ. ಊರಿನವರ ಫೋಟೋಗಳಲ್ಲಿ ಮೊಡವೆ, ಮಚ್ಚೆ ಅಳಿಸುತ್ತ ಕೂತ ಕಣ್ಣು ಇನ್ನೆಷ್ಟು ದಿನ ಬಾಳೀತು. ಅಪ್ಪನಿಗೆ ಎಂಬತ್ತಮೂರು. ಮೊಣಕಾಲು ಹೋಗಿದೆ, ಬಾಯಿ ಹೋಗಿಲ್ಲ.

ವಿಷಯಕ್ಕೆ ಬರುತ್ತೇನೆ. ಮೊನ್ನೆ ಗುರುವಾರ ಬೆಳಿಗ್ಗೆ ಇಲ್ಲಿ ಮೂರು ಸೂರ್ಯ ಕಂಡವು. ಅಪ್ಪನನ್ನು ತಾರಸಿಯಲ್ಲಿ ಬಿಸಿಲಿಗೆ ಕೂರಿಸಿ ಬಟ್ಟೆ ಒಣಹಾಕುತ್ತಿದ್ದೆ. ಮೋಡ ತೆಳ್ಳಗೆ, ಹಳೇ ಪಂಚೆಯ ಹಾಗೆ ಹರಡಿತ್ತು. ನಡುವೆ ನಿಜವಾದ ಸೂರ್ಯ, ಅದೇ ಎತ್ತರದಲ್ಲಿ ಎಡಕ್ಕೊಂದು, ಬಲಕ್ಕೊಂದು. ಒಳಮಗ್ಗುಲು ಕೆಂಪು, ಹೊರಗೆ ಬಿಳೀ ಬಾಲ, ಮೂರನ್ನೂ ಹಿಡಿದಿಟ್ಟ ಒಂದು ಬಳೆ. ಬೀದಿಯೇ ನಿಂತುಹೋಯಿತು. ಹಾಲಿನ ವ್ಯಾನಿನವನು ಇಳಿದು ನಿಂತ, ಮಕ್ಕಳು ಮೊಬೈಲ್ ಎತ್ತಿ ಹಿಡಿದವು. ಎದುರುಮನೆಯ ವಿಜ್ಞಾನದ ಮೇಷ್ಟ್ರು ತಾವೇ ಮಾಡಿಸಿಟ್ಟವರಂತೆ ವಿವರಿಸಿದರು: ಮೇಲಿನ ಮೋಡದ ಹಿಮದ ಹರಳುಗಳಲ್ಲಿ ಬೆಳಕು ಬಾಗುತ್ತದಂತೆ, ಅದಕ್ಕೆ ಹುಸಿಸೂರ್ಯ ಅನ್ನುತ್ತಾರಂತೆ. ಹುಸಿಯಂತೆ! ನಿನ್ನನ್ನು ಸುಳ್ಳುಗಾರ ಮಾಡಲು ಹೆಸರೂ ಸಿದ್ಧವಾಗಿಯೇ ಇತ್ತು ನೋಡು. ನಿನ್ನನ್ನು ಮೂರು ಸೂರ್ಯದ ಡ್ರೈವರ್ ಎಂದು ಕರೆದು ಬೀದಿಯನ್ನೆಲ್ಲ ನಗಿಸಿದ್ದ ಟೈಲರ್, ಕುತ್ತಿಗೆಯಲ್ಲಿ ಟೇಪು ಹಾಕಿಕೊಂಡೇ ಬಂದು, ನಮ್ಮ ಹುಡುಗ ಅವತ್ತೇ ಹೇಳಿದ್ದ ಎಂದು ಸಾರತೊಡಗಿದ. ನಮ್ಮ ಹುಡುಗನಂತೆ. ಕೈಯಲ್ಲಿದ್ದ ಬಕೆಟ್ಟನ್ನು ಅವನ ತಲೆಯ ಮೇಲೆ ಬೋರಲು ಹಾಕಬೇಕೆನ್ನಿಸಿತು.

ನಿನಗೆ ಗೊತ್ತಿರುವುದನ್ನೇ ಬರೆಯುತ್ತಿದ್ದೇನೆ, ಸಹಿಸಿಕೋ. ನೀನು ಓಡಿಸುತ್ತಿದ್ದ ಫ್ಯಾಕ್ಟರಿ ಬಸ್ಸು, ಆ ತಿರುವು. ಸೂರ್ಯ ಪಕ್ಕಕ್ಕೆ ಸರಿಯಿತು ಎಂದುಕೊಂಡು ತಿರುಗಿಸಿದರೆ ಇನ್ನೊಂದು ಕಣ್ಣಿಗೆ ಹೊಡೆಯಿತು ಎಂದೆ ನೀನು. ಬಸ್ಸು ಮೋರಿಗೆ ಬಿತ್ತು, ಒಳಗಿದ್ದ ಫಿಟ್ಟರನ ಬಲಗಾಲು ಹೋಯಿತು. ವಿಚಾರಣೆಯಲ್ಲಿ ಮ್ಯಾನೇಜರು, "ಕುಣೀಲಾರದವನು ನೆಲ ಡೊಂಕು ಅಂದನಂತೆ. ಎಷ್ಟು ಕುಡಿದಿದ್ದೆ?" ಎಂದು ಕೇಳಿದ. ಸೋಡಾ ಕುಡಿದರೂ ಕಣ್ಣಲ್ಲಿ ನೀರು ತರುವ ನಿನ್ನನ್ನು! ಅವನ ಬೆನ್ನ ಹಿಂದಿನ ಗೋಡೆಯಲ್ಲಿ ಫ್ಯಾಕ್ಟರಿಯ ಹೊಸ ಕ್ಯಾಲೆಂಡರು, ಚಿಮಣಿಯ ಹಿಂದೆ ಹುಟ್ಟುವ ಸೂರ್ಯ. ಆಗ ನಮ್ಮಪ್ಪನೇ ಎದ್ದು, "ಅದು ಅದೇ ಬೆಳಿಗ್ಗೆ ನಾನೇ ತೆಗೆದದ್ದು. ಒಂದೇ ಸೂರ್ಯ ಇದೆ" ಎಂದ. ಹೆತ್ತ ಅಪ್ಪನ ಸಾಕ್ಷಿಯ ಮೇಲೆ ಇನ್ನೇನು ಬೇಕು? ಕೆಲಸವೂ ಹೋಯಿತು, ಲೈಸೆನ್ಸೂ ಹೋಯಿತು. ಸುಳ್ಳುಗಾರನಿಗೆ ನನ್ನ ಮನೆಯಲ್ಲಿ ಜಾಗವಿಲ್ಲ ಎಂದು ಅಪ್ಪ ಅಂದ, ನೀನು ಹಣೆಯ ಪಟ್ಟಿ ಬಿಚ್ಚುವ ಮುಂಚೆಯೇ ಹೊರಟೆ.

ನಿನಗೆ ಗೊತ್ತಿಲ್ಲದ್ದು ಇಷ್ಟು. ಆ ಬೆಳಿಗ್ಗೆ ಅಪ್ಪ ನೀರಿನ ಟ್ಯಾಂಕಿನ ಮೇಲೆ ಕ್ಯಾಮೆರಾದ ಕಪ್ಪು ಬಟ್ಟೆಯೊಳಗೆ ತಲೆ ತೂರಿಸಿ ಚಿಮಣಿ ನೋಡಿದನೇ ಹೊರತು ತಲೆಯೆತ್ತಿ ಆಕಾಶ ನೋಡಲಿಲ್ಲ. ತೊಳೆದ ನೆಗೆಟಿವಿನಲ್ಲಿ ಸೂರ್ಯನ ಎರಡೂ ಬದಿಗೆ ಒಂದೊಂದು ಕಪ್ಪು ಚುಕ್ಕೆ ಇತ್ತು. ನೆಗೆಟಿವಿನಲ್ಲಿ ಕಪ್ಪೆಂದರೆ ಆಕಾಶದಲ್ಲಿ ಬೆಳಕು ಎಂದು ನಿನಗೆ ಹೇಳಬೇಕಿಲ್ಲ. ಲೆನ್ಸಿನ ದೋಷ, ಕೆರೆದುಬಿಡು ಎಂದ ಅಪ್ಪ. ನೆಗೆಟಿವ್ ತಿದ್ದುವ ಟಚಿಂಗ್ ಮೇಜಿಗೆ ಕೂತು ಸಣ್ಣ ಚಾಕುವಿನಿಂದ ನಾನೇ ಕೆರೆದೆ. ಮಧ್ಯಾಹ್ನದೊಳಗೆ ಆಕಾಶ ಚೊಕ್ಕಟವಾಯಿತು. ನೀನು ಆಸ್ಪತ್ರೆಯಿಂದ ಬಂದು ಮೂರು ಸೂರ್ಯ ಅಂದದ್ದು ಸಂಜೆಗೆ.

ಮೊನ್ನೆ ಅಪ್ಪ ಬಹಳ ಹೊತ್ತು ಆಕಾಶ ನೋಡಿ, ಆ ನೆಗೆಟಿವ್ ಹುಡುಕಿಸಿದ. ಕೆರೆದ ಜಾಗವನ್ನು ಉಗುರಿನಿಂದ ಮುಟ್ಟಿ ನೋಡಿ, "ನಾನೇ ಕೆರೆಸಿದ್ನಲ್ಲೇ" ಎಂದು ಅತ್ತುಬಿಟ್ಟ. ಕೆಟ್ಟ ಮೇಲೆ ಬುದ್ಧಿ ಬಂತು, ಅಟ್ಟ ಮೇಲೆ ಒಲೆ ಉರಿಯಿತು. "ತಪ್ಪು ನಂದು ಅಂತ ಬರಿ. ಬಂದು ನನ್ನ ಮುಖಕ್ಕೆ ಉಗೀಲಿ, ಆದ್ರೆ ಬರ್ಲಿ" ಎಂದ. ಕಾಗದ ಹಾಕಿದೆಯಾ ಎಂದು ದಿನಕ್ಕೆ ನಾಲ್ಕು ಸಲ ಕೇಳುತ್ತಾನೆ. ನಿನ್ನ ಮೇಲೂ ನನಗೆ ಸಿಟ್ಟಿದೆ, ಮುಚ್ಚುಮರೆ ಯಾಕೆ. ಕೋಪ ಅಪ್ಪನ ಮೇಲಿತ್ತು, ಶಿಕ್ಷೆ ಮಾತ್ರ ನನಗೆ ಕೊಟ್ಟೆ. ಅವನನ್ನು ಎತ್ತಿ ಇಳಿಸುವುದು ನಾನೊಬ್ಬಳೇ.

ಅಪ್ಪನ ಆಶೀರ್ವಾದ. ನಾನು ಮುಖ ನೋಡದ ನಿನ್ನ ಹೆಂಡತಿಗೂ ಮಗಳಿಗೂ ಈ ಅತ್ತಿಗೆಯ, ಅತ್ತೆಯ ನೆನಪು ತಿಳಿಸು.

ನಿನ್ನ,
ಅಕ್ಕ

ತಾ.ಕ.: ಸೋಮವಾರ ಬೆಳಿಗ್ಗೆ. ಅಂಚೆಯವನು ಬರುವ ಹೊತ್ತು, ಬೇಗ ಬರೆಯುತ್ತೇನೆ. ಜೊತೆಗಿರುವುದು ಕೆರೆಯುವ ಮುಂಚೆ ನಾನು ತೆಗೆದಿಟ್ಟ ಪ್ರಿಂಟು. ಮೂರೂ ಇವೆ. ವಿಚಾರಣೆಯ ದಿನ ಅದು ನನ್ನ ಬ್ಯಾಗಿನಲ್ಲಿತ್ತು, ತೋರಿಸಲೆಂದೇ ತಂದಿದ್ದೆ. ಅಪ್ಪ ಒಂದೇ ಸೂರ್ಯ ಅಂದಾಗ ಜಿಪ್ಪನ್ನು ಅರ್ಧ ಎಳೆದಿದ್ದೆ. ಅದರ ಹಿಂದಿನ ವಾರವಷ್ಟೇ ಅಪ್ಪ ಸ್ಟುಡಿಯೋದ ಬೋರ್ಡಿಗೆ, ಮುಂದಿನ ಮಾಲೀಕನೆಂದು, ನಿನ್ನ ಹೆಸರು ಬರೆಯಲು ಪೇಂಟರಿಗೆ ಹೇಳಿದ್ದ. ಹದಿನಾಲ್ಕು ವರ್ಷ ಆ ಮೇಜಿಗೆ ಕೂತವಳು ನಾನು. ಜಿಪ್ಪು ಮುಚ್ಚಿದೆ. ಅಪ್ಪನಿಗೆ ಇದೊಂದೂ ಗೊತ್ತಿಲ್ಲ. ತಪ್ಪೆಲ್ಲ ತನ್ನದೇ ಎಂದು ಅಳುತ್ತಾನೆ, ನಾನು ಅಳಲು ಬಿಟ್ಟಿದ್ದೇನೆ. ಬರುವಾಗ ಫೋಟೋ ತಂದು ನೀನೇ ಅವನ ಕೈಗೆ ಕೊಡು. ನನ್ನಿಂದ ಆಗುವುದಿಲ್ಲ.