ಗೆರೆಯ ಕೊನೆಯ ತಲೆಕಟ್ಟು

ಲಿನ್ ಲಾವ್‌ಶಿ,

ನನಗೆ ಭಯವಾಗುತ್ತಿದೆ. ಕ್ಷೇಮಸಮಾಚಾರ ಆಮೇಲೆ, ಮೊದಲು ಇದನ್ನು ಹೇಳಿಬಿಡುತ್ತೇನೆ. ಕನ್ನಡದಲ್ಲಿ ಬರೆದರೆ ನಿಮಗೇನು ತಿಳಿಯುತ್ತದೆ ಎಂದು ನನ್ನ ಗಂಡ ರಮೇಶ ನಗುತ್ತಾನೆ. ಬರೆದವರ ಮನಸ್ಸು ತಿಳಿಯಲು ಭಾಷೆ ಬರಬೇಕಿಲ್ಲ, ಗೆರೆ ನೋಡಿದರೆ ಸಾಕು ಎಂದವರು ನೀವಲ್ಲವೇ? ಅದಕ್ಕೇ ನೀವು ಕೊಟ್ಟ ಕುಂಚದಲ್ಲೇ ಬರೆಯುತ್ತಿದ್ದೇನೆ. ಅಕ್ಷರಗಳು ನಡುಗಿರುವುದು ಕಾಣಿಸುತ್ತಿದೆಯೇ?

ಯೂನಿಯನ್ ಸಿಟಿಯ ನಮ್ಮ ಅಪಾರ್ಟ್‌ಮೆಂಟಿನ ಲಾಂಡ್ರಿ ರೂಮಿನಲ್ಲಿ ನಿಮ್ಮನ್ನು ಮೊದಲು ನೋಡಿದ್ದು. ಎಲ್ಲರೂ ಬಟ್ಟೆ ತಂದರೆ ನೀವು ಚೀನೀ ಅಕ್ಷರ ಬರೆದ ಹಾಳೆಗಳನ್ನು ತಂದು ಹಗ್ಗಕ್ಕೆ ಸಿಕ್ಕಿಸಿ ಒಣಗಿಸುತ್ತಿದ್ದಿರಿ. ಕೆಲಸ ಮಾಡುವ ವೀಸಾ ಇಲ್ಲದೆ ಮನೆಯಲ್ಲೇ ಕೂತಿದ್ದ ನಾನು, ಕಲಿಸುತ್ತೀರಾ ಎಂದೆ. ಟೀಚರಿಗೆ ನಿಮ್ಮಲ್ಲಿ ಲಾವ್‌ಶಿ ಎನ್ನುತ್ತಾರೆಂದು ಅಂದೇ ಗೊತ್ತಾಯಿತು. ಮೊದಲ ಪಾಠ ಒಂದು ಅಡ್ಡಗೆರೆ. ನಿಮ್ಮ ಬರಹದಲ್ಲಿ ‘ಒಂದು’ ಎಂದರೆ ಅಷ್ಟೇ. ನಾನು ಎಳೆದಾಗಲೆಲ್ಲ ಕುಂಚ ಕೊನೆಯಲ್ಲಿ ತಾನಾಗಿ ಮೇಲಕ್ಕೆ ಕೊಂಕುತ್ತಿತ್ತು.

“ನಿನ್ನ ಗೆರೆ ಮುಗಿದ ಮೇಲೂ ಯಾಕೆ ಕತ್ತೆತ್ತಿ ನೋಡುತ್ತೆ, ವಸು? ಯಾರಿಗೆ ಹೆದರುತ್ತೆ?”

ಹೆದರಿಕೆಯಲ್ಲ, ತಲೆಕಟ್ಟು, ಅದಿಲ್ಲದೆ ನಮ್ಮ ಅಕ್ಷರಕ್ಕೆ ತಲೆಯೇ ಇಲ್ಲ ಎಂದು ವಾದಿಸಿದೆ. “ಹಾಗಾದರೆ ನಿಮ್ಮೂರಿನವರೆಲ್ಲ ಪುಕ್ಕಲರು” ಎಂದು ನಕ್ಕಿರಿ. ನೀವು ಆಡಿದ್ದು ಮುರುಕು ಇಂಗ್ಲಿಷು. ನನ್ನ ನೆನಪಿನಲ್ಲಿ ಎಲ್ಲ ಕನ್ನಡವಾಗಿಬಿಟ್ಟಿದೆ.

ರಮೇಶನ ಜೊತೆ ಜಗಳವಾಡಿ ಬಂದ ದಿನ ನನ್ನ ದಪ್ಪ ಗೆರೆ ನೋಡಿ, “ಮಸಿಯಲ್ಲಿ ಗಂಡನಿಗೆ ಹೊಡೀತಿದೀಯಾ?” ಎಂದಿರಿ. ಹಾಸನದಿಂದ ಅಮ್ಮನ ಫೋನು ಬಂದ ದಿನ ನಾನು ನಗುನಗುತ್ತಲೇ ಬರೆದೆ. ನೀವು ಹಾಳೆ ನೋಡಿ, ಏನೂ ಕೇಳದೆ ಟೀ ತಂದಿಟ್ಟಿರಿ. ಅಮ್ಮನಿಗೆ ಕಂಪವಾತ. ಬಾಗಿಲ ಮುಂದಿನ ಅವಳ ರಂಗೋಲಿ ಬರಬರುತ್ತ ಚಿಕ್ಕದಾಯಿತು, ಎಳೆಗಳು ಚುಕ್ಕಿ ಮುಟ್ಟುವ ಮೊದಲೇ ಅಂಕುಡೊಂಕಾದವು. ಈಗ ನನ್ನ ಗೆರೆಯೂ…

ಆಮೇಲೆ ನೀವು ಕಾಯಿಲೆ ಬಿದ್ದಿರಿ. ಆಸ್ಪತ್ರೆಯ ಹಾಸಿಗೆಯ ಮೇಲೆ ದಿಂಬಿಗೊರಗಿ ನನಗೊಂದು ‘ಒಂದು’ ಬರೆದುಕೊಟ್ಟಿರಿ. ಎಂಥ ಗೆರೆ ಅದು! ಎಲ್ಲೂ ಅಳುಕಿಲ್ಲ. ನೀವು ಗುಣವಾಗುತ್ತಿದ್ದೀರಿ ಎಂದು ಖುಷಿಯಾಗಿ ದಾರಿಯಲ್ಲಿ ಮೈಸೂರುಪಾಕು ಕೊಂಡು ಮನೆಗೆ ಬಂದೆ. ಆ ವಾರವೇ ನೀವು ಹೋಗಿಬಿಟ್ಟಿರಿ. ಕುಂಚ ಸುಳ್ಳು ಹೇಳುವುದಿಲ್ಲ ಎನ್ನುತ್ತಿದ್ದಿರಲ್ಲ, ನಿಮ್ಮದೇ ಯಾಕೆ ಹೇಳಿತು? ಬಹಳ ದಿನ ನಿಮ್ಮ ಮೇಲೆ ಸಿಟ್ಟಿತ್ತು.

ಹೋದ ತಿಂಗಳು ಸಾರು ಬಡಿಸುವಾಗ ಸೌಟು ನಡುಗಿದ್ದನ್ನು ರಮೇಶನಿಗೆ ತೋರಿಸಿದೆ. ಸಾಂಟಾ ಕ್ಲಾರಾದ ಅವನ ಡಾಟ್‌ಕಾಮ್ ಕಂಪನಿಯಲ್ಲಿ ದಿನಕ್ಕೊಬ್ಬರು ಕೆಲಸ ಕಳೆದುಕೊಂಡು, ಸಾಮಾನು ತುಂಬಿದ ಪೆಟ್ಟಿಗೆ ಹೊತ್ತು ಹೊರಬೀಳುತ್ತಿದ್ದಾರೆ.

“ಇಡೀ ವ್ಯಾಲಿನೇ ನಡುಗ್ತಾ ಐತೆ, ನಿನ್ ಕೈ ನಡುಗಿದ್ರೆ ಏನ್ ಮಹಾ? ಟೆನ್ಷನ್ನು ಕಣೇ” ಎಂದ.

ಬರೀ ಹೆದರಿಕೆಯೇ ಆಗಿರಲಿ ದೇವರೇ ಎಂದು ಬೇಡಿಕೊಂಡೆ. ಹೆದರಿಕೆ ಬೇಕು ಎಂದು ಕೈಮುಗಿದವರನ್ನು ನೀವು ಕಂಡಿದ್ದೀರಾ?

ನಿನ್ನೆ ಡಾಕ್ಟರು ಕಾಗದದ ಮೇಲೆ ಸುರುಳಿ ಎಳೆಯಲು ಹೇಳಿದರು. ನನ್ನದು ಒಡೆದ ಚಕ್ಕುಲಿಯಂತೆ ಬಂತು. ಅದನ್ನು ನೋಡಿ, ನನ್ನ ಮುಖ ನೋಡಿ, ಮೆಲ್ಲಗೆ ಹೇಳಿದರು. ಅಮ್ಮನದೇ ಕಾಯಿಲೆ, ಈಗಷ್ಟೇ ಶುರುವಂತೆ. ಫ್ರೀವೇಯುದ್ದಕ್ಕೂ ರಮೇಶನ ಕೈ ಸ್ಟಿಯರಿಂಗಿನ ಮೇಲೆ ನಡುಗುತ್ತಿತ್ತು.

ಮನೆಗೆ ಬಂದವಳೇ ಮಸಿ ತೇದು ‘ಒಂದು’ ಎಳೆದೆ. ಉದ್ದಕ್ಕೂ ನಡುಗಿತು. ಭಯ ಹೋಗಿದೆ ಎಂದು ನಿಮ್ಮ ಮುಂದೆ ಬೊಗಳೆ ಬಿಟ್ಟರೆ ನಡೆಯುತ್ತದೆಯೇ? ಮುಂದೆ ಗುಂಡಿ ಹಾಕಿಕೊಳ್ಳುವುದು ಹೇಗೆ, ತುತ್ತು ಎತ್ತುವುದು ಹೇಗೆ… ಆದರೆ ಕೊನೆ ಮುಟ್ಟಿದಾಗ ಕುಂಚ ಸುಮ್ಮನೆ ನಿಂತಿತು, ಲಾವ್‌ಶಿ. ಕತ್ತೆತ್ತಲಿಲ್ಲ. ಆಗ ಹೊಳೆಯಿತು, ಅವತ್ತು ನಿಮ್ಮ ಗೆರೆ ಸುಳ್ಳು ಹೇಳಿರಲಿಲ್ಲ. ನಿಮಗೆ ಹೆದರಿಕೆ ಇರಲಿಲ್ಲ, ಅಷ್ಟೇ.

ಆ ಹಾಳೆಯನ್ನು ಲಾಂಡ್ರಿ ರೂಮಿನ ಹಗ್ಗಕ್ಕೆ, ನಿಮ್ಮ ಜಾಗದಲ್ಲೇ ಸಿಕ್ಕಿಸಿ ಬಂದಿದ್ದೇನೆ. ಕೈ ಮಾತು ಕೇಳುವಷ್ಟು ದಿನ ಎಳೆಯುತ್ತಲೇ ಇರುತ್ತೇನೆ. ಈ ಪತ್ರದ ತುಂಬ ತಲೆಕಟ್ಟುಗಳಿವೆ. ಅವೆಲ್ಲ ಹೆದರಿಕೆಯೇ, ಈ ಸಲ ನಾನು ವಾದ ಮಾಡುವುದಿಲ್ಲ. ಹಗ್ಗದ ಮೇಲಿರುವ ಆ ಒಂದನ್ನು ಮಾತ್ರ ಬಂದು ನೋಡಿ.

ನಿಮ್ಮ
ವಸು