ಏಳು ಜನಕ್ಕೆ ಏಳು ಕಾರು

ಅಕ್ಕಾ,

ಸುಖವಾಗಿ ತಲುಪಿದೆ. ಇಲ್ಲಿನ ವಿಚಿತ್ರ ಕೇಳು: ನಗರದ ಓಡಾಟದಲ್ಲಿ ಇಂಧನ ಉಳಿಸುವುದು ಹೇಗೆಂದು ಕಲಿಯಲು ಬಂದ, ನನ್ನನ್ನೂ ಸೇರಿಸಿ ಏಳು ಅಧಿಕಾರಿಗಳಿಗೆ ಏಳು ಕಾರು! ಒಂದೇ ವಸತಿಗೃಹದಿಂದ ಒಂದೇ ಕಚೇರಿಗೆ, ದಿಬ್ಬಣ ಹೊರಟ ಹಾಗೆ. ನಾನು ಇವತ್ತು ಬಸ್ಸು ಹಿಡಿದೆ. ಅವರಿಗಿಂತ ಮೊದಲೇ ತಲುಪಿದೆ.

"ಮೇಡಂ, ನೀವು ಬಸ್ಸಲ್ಲಿ ನೇತಾಡ್ಕೊಂಡು ಬಂದ್ರೆ ನಮ್ಮ ಮರ್ಯಾದೆ ಏನಾಗ್ಬೇಕು?" ಎಂದು ತರಬೇತಿಯ ಉಸ್ತುವಾರಿ ಸಾಹೇಬರು ಸಿಡುಕಿದರು.

"ನೀವೂ ಬನ್ನಿ ಸಾರ್, ಸೀಟು ಹಿಡಿದಿರ್ತೀನಿ," ಎಂದೆ.

ಇದು ಹಟವೋ ಜಂಭವೋ ಎಂದು ನನ್ನನ್ನೇ ಕೇಳಿಕೊಂಡೆ. ಎರಡೂ ಇರಬಹುದು. ಆದರೂ ಆ ಕಾರು ಹತ್ತಲಾರೆ. ಮಂಡಿನೋವು ಕಡಿಮೆಯಾಗಿದೆ, ಚಿಂತೆ ಬೇಡ. ನಾಳೆಯೂ ಬಸ್ಸಲ್ಲೇ ಬಂದರೆ ತರಬೇತಿಯಿಂದ ವಾಪಸು ಕಳಿಸುತ್ತಾರಂತೆ, ಬಡ್ತಿಯೂ ಹೋಗುತ್ತದೆ. ಕಳಿಸಲಿ ಬಿಡು. ರೈಲ್ವೆ ಸ್ಟೇಷನ್ನಿಗೂ ಬಸ್ಸಿದೆ.

ನಿನ್ನ ತಂಗಿ